ಓದುಗರ ಪ್ರಶ್ನೆ, ಗುರುಗಳ ಉತ್ತರ: ಕ್ಷಮೆ ಕೇಳಲು ತಡವಾಯಿತೇ?

ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲ ಶುರುವಾದರೆ ನನ್ನ ಮೇಜಿನ ಮೇಲೆ ಪತ್ರಗಳು ಹೆಚ್ಚುತ್ತವೆ. ಈ ಸಲ ಬಂದವುಗಳಲ್ಲಿ ಬಹುಪಾಲು ಒಂದೇ ಸಂಕಟದವು: ದೇವರು ನನ್ನನ್ನು ಕ್ಷಮಿಸುತ್ತಾನೆಯೇ? ಹೆಸರು ಬೇಡವೆಂದವರ ಹೆಸರು ಹಾಕಿಲ್ಲ. ಇವೆಲ್ಲ ಅಂಚೆಯಲ್ಲಿ ಬಂದ ಪತ್ರಗಳು. ಪಾಪನಿವೇದನೆಯ ಪೀಠದಲ್ಲಿ, ಅಂದರೆ ಜನ ಬಂದು ಗುರುಗಳ ಮುಂದೆ ಪಾಪ ಒಪ್ಪಿಕೊಂಡು ಕ್ಷಮೆ ಪಡೆಯುವ ಜಾಗದಲ್ಲಿ, ಕುಳಿತು ಕೇಳಿದ ಒಂದಕ್ಷರವೂ ಈ ಪುಟಕ್ಕೆ ಬಂದಿಲ್ಲ, ಮುಂದೆ ಬರುವುದೂ ಇಲ್ಲ.

*ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ನಾನು ಪಾಪನಿವೇದನೆಗೆ ಹೋಗಿಲ್ಲ. ಇಪ್ಪತ್ತಾರು ವರ್ಷವಾಯಿತು. ಭಾನುವಾರದ ಪೂಜೆಗೆ ಹೋಗುತ್ತೇನೆ, ಆದರೆ ಪರಮಪ್ರಸಾದದ ಸಾಲಿಗೆ ಏಳುವುದಿಲ್ಲ. ‘ಅಮ್ಮ, ನೀನೇಕೆ ಬರುವುದಿಲ್ಲ’ ಎಂದು ಮಗಳು ಕೇಳುತ್ತಾಳೆ. ಪ್ರಾರ್ಥನೆಗಳೆಲ್ಲ ಮರೆತುಹೋಗಿವೆ. ಇಷ್ಟು ವರ್ಷ ಎಲ್ಲಿದ್ದೆ ಎಂದು ಗುರುಗಳು ಗದರಿಸಿದರೆ ಏನು ಮಾಡಲಿ?*
— ಒಬ್ಬ ಗೃಹಿಣಿ, ಬೆಂಗಳೂರು

ಗದರಿಸುವ ಗುರುಗಳೇ ಇಲ್ಲವೆಂದು ಹೇಳಿದರೆ ನೀವು ನಂಬುವುದಿಲ್ಲ ಅಮ್ಮ, ನಂಬಲೂ ಬೇಡಿ. ಅಂಥವರಿದ್ದಾರೆ, ಅದು ಅವರ ಕೊರತೆ. ಯಾವ ಗುರುಗಳ ಬಳಿ ಹೋಗಬೇಕೆಂದು ಆರಿಸಿಕೊಳ್ಳುವ ಹಕ್ಕನ್ನು ನಮ್ಮ ಕಥೋಲಿಕ ಧರ್ಮಸಭೆಯ ಕಾನೂನು, ಅದರ 991ನೆಯ ವಿಧಿ, ನಿಮಗೇ ಕೊಟ್ಟಿದೆ. ನಿಮ್ಮ ಧರ್ಮಕೇಂದ್ರದವರೇ ಆಗಬೇಕೆಂದಿಲ್ಲ. ಪರಿಚಯದವರ ಮುಂದೆ ಮುಜುಗರವಾದರೆ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಂಥ ದೊಡ್ಡ ದೇವಾಲಯಕ್ಕೆ ಹೋಗಿ, ಗುರುಗಳಿಗೂ ನಿಮಗೂ ನಡುವೆ ಇರುವ ಜಾಲರಿಯ ಈ ಕಡೆ ಮಂಡಿಯೂರಿ. ಮುಖ ತೋರಿಸದೆ ಪಾಪ ನಿವೇದಿಸುವುದೂ ನಿಮ್ಮ ಹಕ್ಕೇ.

ಒಳಗೆ ಹೋದ ಮೇಲೆ ಶಿಲುಬೆಯ ಗುರುತು ಹಾಕಿ ಇಷ್ಟು ಹೇಳಿ: “ಗುರುಗಳೇ, ನಾನು ಬಂದು ಇಪ್ಪತ್ತಾರು ವರ್ಷವಾಯಿತು. ಹೇಗೆ ಹೇಳಬೇಕೆಂಬುದು ಮರೆತಿದೆ. ಸಹಾಯ ಮಾಡಿ.” ಮುಂದಿನದು ಒಳಗೆ ಕುಳಿತವರ ಕೆಲಸ. ಈ ಮಾತು ಕೇಳಿಸಿಕೊಳ್ಳಲೆಂದೇ ನಾವು ಗುರುಗಳಾದದ್ದು. ಇಪ್ಪತ್ತಾರು ವರ್ಷದ ಲೆಕ್ಕವನ್ನು ದಿನಚರಿಯಂತೆ ಒಪ್ಪಿಸುವುದು ಬೇಡ. ಮನಸ್ಸನ್ನು ಚುಚ್ಚುತ್ತಿರುವ ಗಂಭೀರ ಪಾಪಗಳನ್ನು ಹೆಸರು ಹಿಡಿದು, ಹೆಚ್ಚುಕಡಿಮೆ ಎಷ್ಟು ಸಲ ಎಂದು ನೆನಪಿದ್ದಷ್ಟು ಹೇಳಿ. ಪ್ರಾಮಾಣಿಕವಾಗಿ ಮರೆತುಹೋದದ್ದು ಕ್ಷಮೆಯ ಹೊರಗೆ ಉಳಿಯುವುದಿಲ್ಲ, ಮುಂದೆ ನೆನಪಾದಾಗ ಹೇಳಿದರಾಯಿತು. ಪಶ್ಚಾತ್ತಾಪದ ದೊಡ್ಡ ಪ್ರಾರ್ಥನೆ ಬಾರದಿದ್ದರೆ ದೇವಾಲಯದ ಹಿಂಬದಿಯಲ್ಲಿ ನಿಂತು ಎದೆ ಬಡಿದುಕೊಂಡ ಸುಂಕದವನ ಪ್ರಾರ್ಥನೆ ಇದೆ: ದೇವರೇ, ಪಾಪಿಯಾದ ನನ್ನ ಮೇಲೆ ದಯೆ ಇಡು. ಅವನು ನೀತಿವಂತನಾಗಿ ಮನೆಗೆ ಹೋದನೆಂದು ಹೇಳಿದವನು ಯೇಸುಸ್ವಾಮಿಯೇ.

ಹೋಗುವ ಹಿಂದಿನ ರಾತ್ರಿ ಲೂಕರ ಶುಭಸಂದೇಶದ 15ನೆಯ ಅಧ್ಯಾಯ ಓದಿ, ನಿಧಾನವಾಗಿ. ಹಂದಿ ಮೇಯಿಸುತ್ತಿದ್ದ ಮಗ ಮನೆಗೆ ಹೊರಡುವ ಮುನ್ನ ತಂದೆಯ ಮುಂದೆ ಆಡಬೇಕಾದ ಮಾತುಗಳನ್ನು ಬಾಯಿಪಾಠ ಮಾಡಿಕೊಳ್ಳುತ್ತಾನೆ: ಪಾಪ ಮಾಡಿದ್ದೇನೆ, ನಿಮ್ಮ ಮಗನೆನಿಸಿಕೊಳ್ಳಲು ಯೋಗ್ಯನಲ್ಲ, ಕೂಲಿಯಾಳುಗಳಲ್ಲಿ ಒಬ್ಬನಂತೆ ಇಟ್ಟುಕೊಳ್ಳಿ. ಇದು 18 ಮತ್ತು 19ನೆಯ ವಚನ. ತಂದೆಯ ಎದುರು ನಿಂತಾಗ, 21ನೆಯ ವಚನದಲ್ಲಿ, ಮೊದಲೆರಡು ಮಾತು ಮಾತ್ರ ಬರುತ್ತವೆ. ಕೂಲಿಯಾಳಿನ ಮಾತಿಗೆ ತಂದೆ ಅವಕಾಶವನ್ನೇ ಕೊಡಲಿಲ್ಲ. ಅಷ್ಟರಲ್ಲಿ ಉಡುಪು ತನ್ನಿ, ಉಂಗುರ ತನ್ನಿ, ಕಾಲಿಗೆ ಜೋಡು ತನ್ನಿ ಎಂದು ಆಳುಗಳಿಗೆ ಹೇಳಿಯಾಗಿತ್ತು. ನೀವೂ ಅರ್ಧ ಹೇಳುವಷ್ಟರಲ್ಲಿ ಅಳು ಬಂದರೆ ಅತ್ತುಬಿಡಿ. ಮುಂದಿನ ಭಾನುವಾರ ಮಗಳ ಜೊತೆ ಪರಮಪ್ರಸಾದದ ಸಾಲಿಗೆ ಹೋಗಿ.

*ದೇವರಿಗೆ ನೇರವಾಗಿ ಹೇಳಿಕೊಂಡರೆ ಸಾಲದೇ? ನನ್ನಂತೆಯೇ ಪಾಪಿಯಾದ ಮನುಷ್ಯನಿಗೆ ಏಕೆ ಹೇಳಬೇಕು? ಅವರು ಹೊರಗೆ ಬಾಯಿ ಬಿಡುವುದಿಲ್ಲ ಎಂಬುದಕ್ಕೆ ಏನು ಖಾತರಿ?*
— ವಿದ್ಯಾರ್ಥಿ, ಮೈಸೂರು

ದೇವರಿಗೆ ನೇರವಾಗಿ ಹೇಳಿಕೊಳ್ಳಿ, ಪ್ರತಿರಾತ್ರಿ ಹೇಳಿಕೊಳ್ಳಿ. ಅದನ್ನು ಯಾರೂ ಬೇಡವೆನ್ನುವುದಿಲ್ಲ. ಆದರೆ ಪುನರುತ್ಥಾನದ ದಿನ ಸಂಜೆ ಯೇಸುಸ್ವಾಮಿ ಶಿಷ್ಯರ ಮೇಲೆ ಉಸಿರೂದಿ, ನೀವು ಯಾರ ಪಾಪಗಳನ್ನು ಕ್ಷಮಿಸುತ್ತೀರೋ ಅವು ಕ್ಷಮಿಸಲ್ಪಡುತ್ತವೆ ಎಂದರು (ಯೊವಾನ್ನ 20:22-23). ಆ ಶಿಷ್ಯರು ಎಂಥವರು? ಮೂರೇ ದಿನದ ಹಿಂದೆ ಅವರನ್ನು ಬಿಟ್ಟು ಓಡಿಹೋಗಿದ್ದವರು. ಪಾಪಿಗಳ ಕೈಗೇ ಆ ಅಧಿಕಾರ ಕೊಟ್ಟರು, ತಿಳಿದೇ ಕೊಟ್ಟರು. ನಾನೂ ಇನ್ನೊಬ್ಬ ಗುರುಗಳ ಮುಂದೆ ಮಂಡಿಯೂರುತ್ತೇನೆ. 2014ರ ಮಾರ್ಚ್ 28ರಂದು ಪೋಪ್ ಫ್ರಾನ್ಸಿಸ್ ಸಂತ ಪೇತ್ರರ ಬೆಸಿಲಿಕಾದಲ್ಲಿ ಎಲ್ಲರೂ ನೋಡುತ್ತಿದ್ದಂತೆಯೇ ಒಬ್ಬ ಸಾಮಾನ್ಯ ಗುರುವಿನ ಮುಂದೆ ಮಂಡಿಯೂರಿ ಪಾಪ ನಿವೇದಿಸಿದರು. ನಿಮಗೆ ನೀವೇ ‘ಹೋಗಲಿ ಬಿಡು’ ಎಂದುಕೊಂಡದ್ದಕ್ಕೂ, “ನಿನ್ನ ಪಾಪಗಳಿಂದ ನಿನ್ನನ್ನು ಬಿಡುಗಡೆ ಮಾಡುತ್ತೇನೆ” ಎಂಬ ಮಾತು ನಿಮ್ಮ ಕಿವಿಗೆ ಬೀಳುವುದಕ್ಕೂ ಇರುವ ಅಂತರ ಒಂದು ಸಲ ಹೋಗಿ ಬಂದರೆ ತಿಳಿಯುತ್ತದೆ.

ಗುಟ್ಟಿನ ವಿಷಯದಲ್ಲಿ ಅನುಮಾನವೇ ಬೇಡ. ಅದನ್ನು ನೇರವಾಗಿ ಹೊರಗೆಡಹಿದ ಗುರು ಆ ಕ್ಷಣವೇ ಧರ್ಮಸಭೆಯಿಂದ ಬಹಿಷ್ಕೃತನಾಗುತ್ತಾನೆ. ಅದನ್ನು ತೆಗೆಯುವ ಅಧಿಕಾರ ರೋಮಿನ ಪೋಪ್ ಪೀಠಕ್ಕೆ ಮಾತ್ರ ಇದೆ. ಪೊಲೀಸರು ಕೇಳಲಿ, ನ್ಯಾಯಾಲಯ ಕೇಳಲಿ, ಪ್ರಾಣವೇ ಹೋಗಲಿ, ಹೇಳುವಂತಿಲ್ಲ. 1393ರಲ್ಲಿ ಪ್ರಾಗ್ ನಗರದ ವ್ಲ್ಟಾವಾ ನದಿಗೆ ಎಸೆಯಲ್ಪಟ್ಟು ಸತ್ತ ನೆಪೊಮುಕ್‌ನ ಸಂತ ಜಾನ್ ರಾಣಿಯ ಪಾಪನಿವೇದನೆಯನ್ನು ರಾಜನಿಗೆ ಹೇಳಲು ಒಪ್ಪದೆ ಸತ್ತರೆಂದು ಪರಂಪರೆ ಹೇಳುತ್ತದೆ. ನಮಗೆ ಗುರುದೀಕ್ಷೆಗೆ ಮೊದಲೇ ಇದನ್ನು ಕಲಿಸುತ್ತಾರೆ.

*ನನ್ನ ಮಗ ಕಳೆದ ವರ್ಷ ತಾನೇ ಪ್ರಾಣ ತೆಗೆದುಕೊಂಡ. ಇಪ್ಪತ್ನಾಲ್ಕು ವರ್ಷದವನು. ನಮ್ಮ ಗುರುಗಳು ಎಲ್ಲವನ್ನೂ ಕ್ರಮವಾಗಿ ಮಾಡಿ ಚರ್ಚಿನ ಸ್ಮಶಾನದಲ್ಲೇ ಮಣ್ಣು ಮಾಡಿಸಿದರು. ಆದರೆ ಹತ್ತಿರದ ಸಂಬಂಧಿಕರೊಬ್ಬರು, ‘ಹಿಂದೆಲ್ಲ ಇಂಥವರನ್ನು ಒಳಗೆ ಸೇರಿಸುತ್ತಿರಲಿಲ್ಲ, ಅವನಿಗೆ ಪಾಪನಿವೇದನೆಗೂ ಸಮಯ ಸಿಗಲಿಲ್ಲವಲ್ಲ’ ಎಂದರು. ಅಂದಿನಿಂದ ನನಗೆ ನಿದ್ದೆಯಿಲ್ಲ. ನನ್ನ ಮಗ ಎಲ್ಲಿದ್ದಾನೆ ಗುರುಗಳೇ?*
— ಒಬ್ಬ ತಾಯಿ, ಹಾಸನ ಜಿಲ್ಲೆ

ತಾಯಿ, ನಿಮ್ಮ ಪತ್ರವನ್ನು ಪೂಜಾಪೀಠದ ಮೇಲಿಟ್ಟು ಪೂಜೆ ಅರ್ಪಿಸಿದ ಮೇಲೆಯೇ ಈ ಉತ್ತರಕ್ಕೆ ಕುಳಿತಿದ್ದೇನೆ.

ಸಂಬಂಧಿಕರು ಹೇಳಿದ ಹಳೆಯ ಸಂಗತಿ ಸುಳ್ಳಲ್ಲ. 1917ರ ಧರ್ಮಸಭೆಯ ಕಾನೂನಿನಲ್ಲಿ, ಬುದ್ಧಿಪೂರ್ವಕವಾಗಿ ಪ್ರಾಣ ತೆಗೆದುಕೊಂಡವರಿಗೆ ಧರ್ಮಸಭೆಯ ಅಂತ್ಯಕ್ರಿಯೆ ಇರಲಿಲ್ಲ. ಆ ನಿಯಮದ ಹೆಸರಿನಲ್ಲಿ ಎಷ್ಟೋ ತಾಯಂದಿರು ಬೇಲಿಯ ಹೊರಗೆ ನಿಂತು ಅತ್ತಿದ್ದಾರೆ. 1983ರಲ್ಲಿ ಬಂದ ಈಗಿನ ಕಾನೂನಿನಲ್ಲಿ ಆ ಸಾಲು ಇಲ್ಲ. ಅಷ್ಟೇ ಅಲ್ಲ, 1992ರ ಧರ್ಮೋಪದೇಶ ಗ್ರಂಥದ 2282 ಮತ್ತು 2283ನೆಯ ಪರಿಚ್ಛೇದಗಳನ್ನು ನಿಮ್ಮ ಗುರುಗಳಿಂದ ಓದಿಸಿಕೊಳ್ಳಿ. ಮನಸ್ಸಿನ ತೀವ್ರ ಕಾಯಿಲೆ, ಸಂಕಟ, ಭಯ ಇವು ಮನುಷ್ಯನ ಹೊಣೆಗಾರಿಕೆಯನ್ನು ತಗ್ಗಿಸುತ್ತವೆ ಎಂದು ಅಲ್ಲಿದೆ. ಪ್ರಾಣ ತೆಗೆದುಕೊಂಡವರ ನಿತ್ಯರಕ್ಷಣೆಯ ಬಗ್ಗೆ ನಾವು ನಿರಾಶರಾಗಬಾರದು, ದೇವರು ತಾನು ಮಾತ್ರ ಬಲ್ಲ ದಾರಿಗಳಲ್ಲಿ ಅವರಿಗೆ ಪಶ್ಚಾತ್ತಾಪದ ಅವಕಾಶ ಕೊಡಬಲ್ಲನು, ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ ಎಂದಿದೆ. ಇದು ನಿಮ್ಮನ್ನು ಸಮಾಧಾನಪಡಿಸಲು ನಾನು ಕಟ್ಟಿ ಹೇಳುತ್ತಿರುವ ಮಾತಲ್ಲ. ನಮ್ಮ ಧರ್ಮಸಭೆಯ ಬೋಧನೆಯೇ ಇದು.

ಸಮಯ ಸಿಗಲಿಲ್ಲ ಎಂದರಂತೆ. ಫ್ರಾನ್ಸಿನ ಆರ್ಸ್ ಎಂಬ ಹಳ್ಳಿಯಲ್ಲಿ 1818ರಿಂದ 1859ರಲ್ಲಿ ತೀರಿಕೊಳ್ಳುವವರೆಗೆ ಗುರುಗಳಾಗಿದ್ದ ಸಂತ ಜಾನ್ ಮರಿಯ ವಿಯಾನ್ನಿ ದಿನದ ಬಹುಭಾಗವನ್ನು ಪಾಪನಿವೇದನೆಯ ಪೀಠದಲ್ಲೇ ಕಳೆದವರು. ಅವರ ಜೀವನಚರಿತ್ರೆಗಳಲ್ಲಿ ಒಂದು ಪ್ರಸಂಗ ಬರುತ್ತದೆ. ಗಂಡ ಸೇತುವೆಯಿಂದ ಹಾರಿ ಸತ್ತಿದ್ದ ಹೆಂಗಸೊಬ್ಬಳು ಅವರ ಮುಂದೆ ಬಂದು ನಿಂತಳು. ಅವಳು ಬಾಯಿ ತೆರೆಯುವ ಮೊದಲೇ ಅವರು, ಸೇತುವೆಯ ಕಟಕಟೆಗೂ ನೀರಿಗೂ ನಡುವೆ ಅವನಿಗೆ ಪಶ್ಚಾತ್ತಾಪ ಪಡಲು ಸಮಯವಿತ್ತು ಎಂದರಂತೆ. ನಮ್ಮ ಗಡಿಯಾರದಲ್ಲಿ ಅದು ಒಂದೆರಡು ಕ್ಷಣ. ಶಿಲುಬೆಯ ಮೇಲೆ ಪಕ್ಕದಲ್ಲಿದ್ದ ಕಳ್ಳನಿಗೂ ಅಂಥದೇ ಕೊನೆಯ ಗಳಿಗೆ ಸಿಕ್ಕಿತು, ಅದರಲ್ಲಿ ಅವನು ಆಡಿದ್ದು ಒಂದೇ ಬೇಡಿಕೆ.

ನಿಮ್ಮ ಮಗ ಎಲ್ಲಿದ್ದಾನೆಂದು ಕೇಳಿದ್ದೀರಿ. ಅವನನ್ನು ನಿಮಗಿಂತ ಹೆಚ್ಚು ಪ್ರೀತಿಸುವವನ ಕೈಯಲ್ಲಿದ್ದಾನೆ. ಅವನಿಗಾಗಿ ಪೂಜೆ ಹೇಳಿಸಿ. ನವೆಂಬರ್ 2ರಂದು ಎಲ್ಲರ ಸಮಾಧಿಗೂ ಹೂವು, ಮೇಣದ ಬತ್ತಿ ಇಡುವಾಗ ಅವನ ಸಮಾಧಿಗೂ ಇಡಿ, ತಲೆ ತಗ್ಗಿಸದೆ ಇಡಿ. ಆ ಸಂಬಂಧಿಕರು ಮತ್ತೆ ಮಾತು ತೆಗೆದರೆ ನನ್ನ ಈ ಪುಟವನ್ನು ಅವರ ಕೈಗೆ ಕೊಡಿ. ಇನ್ನು ನಿಮ್ಮ ನಿದ್ದೆಯ ವಿಷಯ. ಅದನ್ನು ಬರೀ ಪ್ರಾರ್ಥನೆಗೆ ಬಿಡಬೇಡಿ. ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಇನ್ನೂ ಮಕ್ಕಳಿದ್ದರೆ ಅವರೂ ಒಳಗೊಳಗೇ ಕುಗ್ಗಿರುತ್ತಾರೆ, ಅವರನ್ನೂ ಮಾತಾಡಿಸಿ.

*ತಂದೆ ವಿಲ್ ಬರೆಯದೆ ತೀರಿಕೊಂಡರು. ಆರು ಎಕರೆ ಕಾಫಿ ತೋಟ. ‘ಬ್ಯಾಂಕ್ ಸಾಲದ ಕಾಗದ’ ಎಂದು ಹೇಳಿ ತಂಗಿಯನ್ನು ಉಪನೋಂದಣಿ ಕಚೇರಿಗೆ ಕರೆದುಕೊಂಡು ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡೆ. ಅವಳು ನಾಲ್ಕನೆಯ ತರಗತಿ ಓದಿದವಳು. ಬರುವಾಗ ಒಂದು ಸೀರೆ ಕೊಡಿಸಿದೆ. ಪಾಪನಿವೇದನೆಯಲ್ಲಿ ‘ಆಸ್ತಿ ವಿಷಯದಲ್ಲಿ ಸ್ವಲ್ಪ ತಪ್ಪಾಗಿದೆ’ ಎಂದು ಹಲವು ಸಲ ಹೇಳಿದ್ದೇನೆ. ಚರ್ಚಿಗೆ ಹೊಸ ಗಂಟೆ ಮಾಡಿಸಿಕೊಟ್ಟಿದ್ದೇನೆ, ಹಬ್ಬದ ಊಟದ ಖರ್ಚು ನೋಡಿಕೊಳ್ಳುತ್ತೇನೆ. ಆದರೂ ನೆಮ್ಮದಿಯಿಲ್ಲ. ದೇವರು ಕ್ಷಮಿಸಿಲ್ಲವೇ?*
— ಬೆಳೆಗಾರ, ಚಿಕ್ಕಮಗಳೂರು ಜಿಲ್ಲೆ

ಅಣ್ಣ, ಪಾಪನಿವೇದನೆಯಲ್ಲಿ ಅರ್ಧ ನುಂಗಿದ್ದನ್ನು ಈ ಪತ್ರದಲ್ಲಿ ಪೂರ್ತಿ ಬರೆದಿದ್ದೀರಿ. ಸೀರೆಯನ್ನೂ ಬಿಟ್ಟಿಲ್ಲ. ಅದಕ್ಕಾಗಿ ನಿಮ್ಮ ಮೇಲೆ ನನಗೆ ಗೌರವ ಬಂದಿದೆ, ಆದ್ದರಿಂದ ನೇರವಾಗಿಯೇ ಹೇಳುತ್ತೇನೆ.

‘ಸ್ವಲ್ಪ ತಪ್ಪಾಗಿದೆ’ ಎಂದರೆ ಕೇಳಿದ ಗುರುಗಳು ಏನೆಂದುಕೊಂಡಾರು? ಬೇಲಿ ಒಂದಡಿ ಆಚೆ ಹಾಕಿದಿರೆಂದು ತಿಳಿದಿರಬೇಕು. ತಂಗಿಗೆ ಸುಳ್ಳು ಹೇಳಿ ಅವಳ ಪಾಲನ್ನು ಬರೆಸಿಕೊಂಡೆ ಎಂಬುದು ಆ ಪಾಪದ ಹೆಸರು. ಆ ಹೆಸರಿನಿಂದಲೇ ಅದನ್ನು ನಿವೇದಿಸಿ. ವಿಲ್ ಇಲ್ಲದೆ ತೀರಿಕೊಂಡ ಕ್ರೈಸ್ತರ ಆಸ್ತಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಅದರಲ್ಲಿ ವಿಧವೆಗೆ ಮೂರನೆಯ ಒಂದು ಭಾಗ, ಉಳಿದದ್ದು ಮಕ್ಕಳಿಗೆ. ಮಗನಿಗೆ ಎಷ್ಟೋ ಮಗಳಿಗೂ ಅಷ್ಟೇ. ನೀವು ತಂಗಿಗೆ ಕೊಡಬೇಕಾದದ್ದು ನಿಮ್ಮ ಔದಾರ್ಯದ ದಾನವಲ್ಲ, ಮೊದಲಿನಿಂದಲೂ ಅವಳದೇ.

ದೇವರ ಕರುಣೆ ನಿಮಗಾಗಿ ಕಾಯುತ್ತಿದೆ. ಅದರಲ್ಲಿ ಎಳ್ಳಷ್ಟೂ ಸಂದೇಹವಿಲ್ಲ. ಕ್ಷಮಿಸಲಾಗದಷ್ಟು ದೊಡ್ಡ ಪಾಪ ಯಾವುದೂ ಇಲ್ಲವೆಂದು ಧರ್ಮಸಭೆ ಬೋಧಿಸುತ್ತದೆ. ಆದರೆ ಕದ್ದದ್ದನ್ನು ಹಿಂದಿರುಗಿಸುವ ಮನಸ್ಸೂ ಪಶ್ಚಾತ್ತಾಪದ ಒಳಗೇ ಸೇರಿದೆ. ಯೆರಿಕೋವಿನ ಜಕ್ಕಾಯನನ್ನು ನೆನೆಯಿರಿ. ಯೇಸುಸ್ವಾಮಿ ಅವನನ್ನು ಮರದಿಂದ ಇಳಿಸಿ ಅವನ ಮನೆಗೆ ಹೋದದ್ದು ಅವನು ಒಂದು ಕಾಸು ಹಿಂದಿರುಗಿಸುವ ಮೊದಲೇ. ಕರುಣೆ ಮೊದಲು ಬಂತು. ಅದು ಮನೆಯೊಳಗೆ ಬಂದ ಮೇಲೆ ಅವನಿಗೆ ಸುಮ್ಮನೆ ಕೂರಲಾಗಲಿಲ್ಲ. ಎದ್ದು ನಿಂತು, ನನ್ನ ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಿದ್ದರೆ ನಾಲ್ಕರಷ್ಟು ಹಿಂದಕ್ಕೆ ಎಂದ. ನಿಮ್ಮ ಅಶಾಂತಿಯನ್ನು ದೇವರ ಸಿಟ್ಟು ಎಂದು ತಿಳಿಯಬೇಡಿ. ಅವನು ನಿಮ್ಮ ಮನೆಗೆ ಬಂದು ಕುಳಿತಿದ್ದಾನೆ, ನೀವು ಇನ್ನೂ ಎದ್ದು ನಿಂತಿಲ್ಲ.

ಗಂಟೆಯ ವಿಷಯ ಹೇಳಲು ನನಗೆ ಕಷ್ಟವಾಗುತ್ತದೆ, ಏಕೆಂದರೆ ಅಂಥ ಕಾಣಿಕೆಗಳಿಂದಲೇ ನಮ್ಮ ಹಳ್ಳಿಯ ದೇವಾಲಯಗಳು ನಡೆಯುತ್ತವೆ. ಆದರೂ ಹೇಳಬೇಕು: ಗಂಟೆಯ ಮೇಲೆ ಹೆಸರು ನಿಮ್ಮದು, ಅದಕ್ಕೆ ಹೋದ ಹಣದಲ್ಲಿ ತಂಗಿಯ ಪಾಲಿದೆ. ಅವಳ ಸಾಲವನ್ನು ದೇವಾಲಯಕ್ಕೆ ಕಟ್ಟಿ ತೀರಿಸಲು ಬರುವುದಿಲ್ಲ.

ಹೀಗೆ ಮಾಡಿ. ವಕೀಲರ ಬಳಿ ಹೋಗುವ ಮೊದಲು ತಂಗಿಯ ಮನೆಗೆ ಹೋಗಿ. ನಡೆದದ್ದನ್ನು ಅವಳಿಗೆ ಅರ್ಥವಾಗುವ ಮಾತಿನಲ್ಲಿ ಹೇಳಿ. ಆ ದಿನ ಅವಳು ಸಹಿ ಹಾಕಿದ್ದು ಏನಕ್ಕೆ ಎಂಬುದು ಅವಳಿಗೆ ಇವತ್ತಿಗೂ ಗೊತ್ತಿರಲಿಕ್ಕಿಲ್ಲ. ತೋಟದ ಭಾಗ ಕೊಡುತ್ತೀರೋ, ಇಂದಿನ ಬೆಲೆ ಕೊಡುತ್ತೀರೋ ಅವಳ ಇಷ್ಟ ಕೇಳಿ, ಮತ್ತೆ ನೋಂದಣಿ ಮಾಡಿಸಿ. ಒಮ್ಮೆಗೇ ಆಗದಿದ್ದರೆ ಕಂತಿನಲ್ಲಿ ಕೊಡಿ, ಆದರೆ ಬರಹದಲ್ಲಿರಲಿ. ನಿಮ್ಮ ಗಂಡುಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗಿ, ನಾಳೆ ಅವರು ತಕರಾರು ತೆಗೆಯಬಾರದು.

ಒಂದು ಎಚ್ಚರಿಕೆ. ಅದೇ ದಿನ ‘ಕ್ಷಮಿಸಿದೆ ಎಂದು ಹೇಳಮ್ಮ’ ಎಂದು ಅವಳನ್ನು ಒತ್ತಾಯಿಸಬೇಡಿ. ಮನುಷ್ಯರ ಕ್ಷಮೆಗೆ ಅದರದೇ ಹೊತ್ತು ಬೇಕು. ಬಡ ಕೃಷಿಕರ ಪರ ನಿಂತಿದ್ದ ಕೇರಳ ಮೂಲದ ಸಿಸ್ಟರ್ ರಾಣಿ ಮರಿಯ ಅವರನ್ನು 1995ರ ಫೆಬ್ರವರಿ 25ರಂದು ಮಧ್ಯಪ್ರದೇಶದಲ್ಲಿ ಬಸ್ಸಿನಲ್ಲಿ ಹೋಗುತ್ತಿದ್ದಾಗ ಇರಿದು ಕೊಂದರು. ಅವರ ಸ್ವಂತ ತಂಗಿ, ಅವರೂ ಕನ್ಯಾಸ್ತ್ರೀಯೇ, ಜೈಲಿಗೆ ಹೋಗಿ ಆ ಕೊಲೆಗಾರನ ಕೈಗೆ ರಾಖಿ ಕಟ್ಟಿದರು. ಆದರೆ ಅದು 2002ರಲ್ಲಿ, ಏಳು ವರ್ಷದ ಮೇಲೆ. ಮುಂದೆ 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯ ಅವರನ್ನು ಪುನೀತರೆಂದು ಘೋಷಿಸಲಾಯಿತು. ರಾಖಿ ಕಟ್ಟಿದವರಿಗೇ ಏಳು ವರ್ಷ ಬೇಕಾಯಿತೆಂದರೆ ನಿಮ್ಮ ತಂಗಿಗೂ ಬೇಕಾದಷ್ಟು ಸಮಯ ಬಿಡಿ. ಅವಳು ಕ್ಷಮಿಸಲಿ ಬಿಡಲಿ, ಅವಳ ಪಾಲು ಅವಳಿಗೆ ಸೇರಲೇಬೇಕು.

*ಗಂಡ ಕುಡಿದು ಬಂದು ಹೊಡೆಯುತ್ತಾನೆ. ಎಪ್ಪತ್ತೇಳು ಸಲ ಕ್ಷಮಿಸಬೇಕೆಂದು ಸ್ವಾಮಿಯೇ ಹೇಳಿದ್ದಾರೆ ಎಂದು ಅತ್ತೆ ಹೇಳುತ್ತಾರೆ. ಮನೆ ಬಿಟ್ಟು ಹೋದರೆ ನನಗೆ ಪಾಪವೇ?*
— ಹೆಸರು, ಊರು ಬೇಡ

ಪಾಪವಲ್ಲ ತಂಗಿ. ಗಂಡ ಅಥವಾ ಹೆಂಡತಿಯಿಂದ ಇನ್ನೊಬ್ಬರ ದೇಹಕ್ಕೋ ಆತ್ಮಕ್ಕೋ, ಮಕ್ಕಳಿಗೋ ದೊಡ್ಡ ಅಪಾಯವಿದ್ದರೆ ಬೇರೆ ಇರಲು ಧರ್ಮಸಭೆಯ ಕಾನೂನಿನ 1153ನೆಯ ವಿಧಿ ಒಪ್ಪಿಗೆ ಕೊಡುತ್ತದೆ. ತಡ ಮಾಡಿದರೆ ಅಪಾಯವೆನ್ನುವಾಗ ಯಾರ ಅನುಮತಿಗೂ ಕಾಯಬೇಕಿಲ್ಲ. ಕ್ಷಮಿಸುವುದೆಂದರೆ ಅವನಿಗೆ ಕೆಡುಕನ್ನು ಬಯಸದಿರುವುದು. ಅದನ್ನು ತವರಿನಲ್ಲಿ ಕುಳಿತೂ ಮಾಡಬಹುದು. ನಿಮ್ಮನ್ನು ಹೊಡೆಯುವುದು ಅವನ ಪಾಪ, ಅದಕ್ಕೆ ಬೆನ್ನು ಕೊಟ್ಟು ನಿಂತರೆ ಆ ಪಾಪ ಬೆಳೆಯುತ್ತದೆಯೇ ಹೊರತು ತೀರುವುದಿಲ್ಲ. ಮಹಿಳಾ ಸಹಾಯವಾಣಿ 181. ಕೌಟುಂಬಿಕ ಹಿಂಸೆಯ ವಿರುದ್ಧ 2005ರ ಕಾಯ್ದೆ ನಿಮ್ಮ ಬೆನ್ನಿಗಿದೆ. ಇವತ್ತೇ ನಂಬಿಕೆಯವರೊಬ್ಬರಿಗೆ ತಿಳಿಸಿ. ಅತ್ತೆಯವರಿಗೆ ನನ್ನದೊಂದು ಮಾತು: ಅಮ್ಮ, ಆ ವಚನವನ್ನು ಮೊದಲು ನಿಮ್ಮ ಮಗನ ಮುಂದೆ ಓದಿ. ಅದರ ಕೆಳಗಿನ ಸಾಮತಿಯನ್ನೂ ಓದಿ, ದಯೆ ಪಡೆದ ಆಳು ಜೊತೆಯವನ ಕುತ್ತಿಗೆ ಹಿಸುಕಿದ ಕಥೆಯನ್ನು. ಧಣಿ ಆಮೇಲೆ ಅವನನ್ನು ಏನು ಮಾಡಿದನೆಂಬುದನ್ನೂ ಬಿಡಬೇಡಿ.

*ಜರ್ಮನಿಯ ಸಣ್ಣ ಊರೊಂದರಲ್ಲಿ ನರ್ಸ್ ಆಗಿದ್ದೇನೆ. ಇಲ್ಲಿನ ಗುರುಗಳಿಗೆ ಜರ್ಮನ್ ಬಿಟ್ಟರೆ ಬೇರೆ ಭಾಷೆ ಬಾರದು. ಮನಸ್ಸಿನಲ್ಲಿರುವುದನ್ನು ಹೇಳುವಷ್ಟು ಜರ್ಮನ್ ನನಗೆ ಬಾರದು. ಊರಿನ ಗುರುಗಳಿಗೆ ವಾಟ್ಸ್ಆ್ಯಪ್ ವಿಡಿಯೋ ಕರೆಯಲ್ಲಿ ಪಾಪ ನಿವೇದಿಸಬಹುದೇ?*
— ಮಂಗಳೂರು ಮೂಲದ ಓದುಗರು

ವಿಡಿಯೋ ಕರೆಯಲ್ಲಿ ಮನಸ್ಸು ಬಿಚ್ಚಿ ಮಾತಾಡಬಹುದು, ಸಲಹೆ ಪಡೆಯಬಹುದು. ಪಾಪವಿಮೋಚನೆ ಮಾತ್ರ ಸಾಧ್ಯವಿಲ್ಲ, ಗುರುಗಳೂ ನೀವೂ ಒಂದೆಡೆ ಇರಬೇಕು. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಆಸ್ಪತ್ರೆಗಳು ತುಂಬಿದ್ದಾಗಲೂ ವ್ಯಾಟಿಕನ್ ಈ ವಿಷಯದಲ್ಲಿ ಫೋನಿನ ದಾರಿ ತೆರೆಯಲಿಲ್ಲ. ಗುರುಗಳು ಸಿಗದವರಿಗೆ ಅದು ತೋರಿಸಿದ್ದು ನಮ್ಮಲ್ಲಿ ಹಿಂದಿನಿಂದಲೂ ಇರುವ ದಾರಿಯನ್ನೇ: ಶಿಕ್ಷೆಯ ಭಯಕ್ಕಿಂತ ದೇವರ ಮೇಲಿನ ಪ್ರೀತಿಯಿಂದ ಹುಟ್ಟಿದ ಪೂರ್ಣ ಪಶ್ಚಾತ್ತಾಪ, ಸಾಧ್ಯವಾದ ಕೂಡಲೇ ಪಾಪನಿವೇದನೆಗೆ ಹೋಗುವ ದೃಢ ಸಂಕಲ್ಪ. ಅಷ್ಟಿದ್ದರೆ ಗಂಭೀರ ಪಾಪಗಳೂ ಆಗಲೇ ಕ್ಷಮಿಸಲ್ಪಡುತ್ತವೆ. ರಾತ್ರಿ ಪಾಳಿ ಮುಗಿಸಿ ಬಂದು ನಿಮ್ಮ ಕೋಣೆಯಲ್ಲೇ ಇದನ್ನು ಮಾಡಬಹುದು, ಕೊಂಕಣಿಯಲ್ಲೋ ಕನ್ನಡದಲ್ಲೋ.

ದುಭಾಷಿಯ ಮೂಲಕ ನಿವೇದಿಸಲೂ 990ನೆಯ ವಿಧಿಯಲ್ಲಿ ಅವಕಾಶವಿದೆ. ಕೇಳಿದ್ದನ್ನು ಗುಟ್ಟಾಗಿಡಲು ಗುರುವಿನಂತೆ ದುಭಾಷಿಯೂ ಬದ್ಧರು. ಆದರೆ ಜೊತೆಗೆ ಕೆಲಸ ಮಾಡುವವರ ಮುಂದೆ ಅದು ಕಷ್ಟವೆಂದು ನನಗೆ ಗೊತ್ತು. ಜರ್ಮನಿಯಲ್ಲಿ ಸೇವೆ ಮಾಡುತ್ತಿರುವ ಭಾರತೀಯ ಗುರುಗಳು ಸಾಕಷ್ಟಿದ್ದಾರೆ. ನಿಮ್ಮ ಧರ್ಮಪ್ರಾಂತ್ಯದ ಕಚೇರಿಗೆ ಒಂದು ಇಮೇಲ್ ಬರೆದು, ಕೊಂಕಣಿ, ಕನ್ನಡ ಅಥವಾ ಇಂಗ್ಲಿಷ್ ಬಲ್ಲ ಗುರುಗಳು ಹತ್ತಿರದಲ್ಲಿ ಯಾರಿದ್ದಾರೆಂದು ಕೇಳಿ. ರೋಮಿಗೆ ಹೋಗುವ ಅವಕಾಶ ಬಂದರೆ ಅಲ್ಲಿನ ದೊಡ್ಡ ಬೆಸಿಲಿಕಾಗಳಲ್ಲಿ ಯಾವ ಪೀಠದಲ್ಲಿ ಯಾವ ಭಾಷೆ ಎಂದು ಹೊರಗೆ ಬರೆದು ಹಾಕಿರುತ್ತಾರೆ. ರಜೆಗೆ ಊರಿಗೆ ಬರುವವರೆಗೆ ಈ ಭಾರ ಹೊತ್ತು ಕಾಯಬೇಡಿ, ಇಮೇಲ್ ಈ ವಾರವೇ ಬರೆಯಿರಿ.